ತಂತಿಬೇಲಿಯಾಚೆಯ ಪಂಕ್ತಿ

ಸರ್ವೋತ್ತಮನ ಮನೆಯಲ್ಲಿ ಉಂಡು ತಟ್ಟೆಯಲ್ಲಿ ನಾಲ್ಕು ಅಗುಳು ಬಿಟ್ಟವರು ಇರಾಕಿನ ಕಥೆ ಕೇಳದೆ ಕೈ ತೊಳೆದದ್ದೇ ಇಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸಿನ ಒಂದು ಬೆಡ್‌ರೂಮಿನ ಆ ಫ್ಲ್ಯಾಟಿಗೆ ರಜೆಯ ದಿನ ಊರ ಕಡೆಯವರು ಯಾರಾದರೂ ಬರುತ್ತಿದ್ದರು. ಹೆಂಡತಿ ವಾರಿಜಾಕ್ಷಿ ಬಡಿಸುವುದು, ಬಂದವರು "ಸಾಕು ಮಾರ್ರೆ, ಹೊಟ್ಟೆ ಒಡೀತದೆ" ಅನ್ನುವುದು, ಸರ್ವೋತ್ತಮ ಗಂಟಲು ಸರಿ ಮಾಡಿಕೊಳ್ಳುವುದು, ಮೂರೂ ಒಂದರ ಹಿಂದೊಂದು ನಡೆಯುತ್ತಿದ್ದವು. "ಶುರುವಾಯ್ತು ಇವರ ಪುರಾಣ" ಎಂದು ವಾರಿಜಾಕ್ಷಿ ಪಾತ್ರೆ ತೊಳೆಯಲು ಒಳಗೆ ಹೋಗುತ್ತಿದ್ದಳು. ಅವಳಿಗದು ಬಾಯಿಪಾಠವಾಗಿತ್ತು.

ಕಥೆ ಇಷ್ಟು. ಇಪ್ಪತ್ತು ವರ್ಷದ ಹಿಂದೆ ಸರ್ವೋತ್ತಮ ಇರಾಕಿನ ಒಂದು ಸೈನಿಕ ಕ್ಯಾಂಪಿನ ಮೆಸ್ಸಿನಲ್ಲಿ ಅಡುಗೆಯವ. ಆ ದೇಶವನ್ನು ಹಿಡಿದು ಕೂತಿದ್ದ ಹೊರಗಿನ ಸೈನ್ಯದ ಕ್ಯಾಂಪು ಅದು. ದುಬೈಯ ಏಜೆಂಟನೊಬ್ಬ ಕಳಿಸಿದ್ದು. ಯುದ್ಧದ ದೇಶಕ್ಕೆ ಹೋಗಬೇಡಿ ಎಂದು ಸರಕಾರ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲ, ಆದ್ದರಿಂದ ಉಡುಪಿಯಲ್ಲಿ ಎಲ್ಲರಿಗೂ ಹೇಳಿದ್ದು ಕುವೈತ್ ಅಂತ. ಅಲ್ಲಿ ದಿನಾ ಕೊಪ್ಪರಿಗೆಗಟ್ಟಲೆ ಅನ್ನ, ಕೋಳಿ, ಬ್ರೆಡ್ಡು ಉಳಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಅದನ್ನು ಲಾರಿಗೆ ತುಂಬಿ ಹಿಂದಿನ ಗೇಟಿನಾಚೆಯ ಗುಂಡಿಗೆ ಸುರಿದು ಬರಬೇಕು. ಸುರಿದ ಕೂಡಲೇ ಹತ್ತಿರದ ಊರಿನ ಮಕ್ಕಳು ಗುಂಡಿಗೆ ಇಳಿದು ಕೆದಕುತ್ತಿದ್ದರು. ಹುಟ್ಟಿದಾಗಿನಿಂದ ಅನ್ನಕ್ಕೆ ಕೈಮುಗಿದು ಉಂಡವನಿಗೆ ಅದನ್ನು ನೋಡಿ ತಡೆಯಲಾದೀತೇ? ಎರಡೇ ದಿನ ನೋಡಿದ. ಮೂರನೆಯ ದಿನದಿಂದ ಕಸದ ಜೊತೆಗೆ ಒಂದು ಹಂಡೆ ಒಳ್ಳೆಯ ಅನ್ನ, ಒಂದು ಬಕೇಟು ದಾಲು, ಕಾಗದದ ತಟ್ಟೆಗಳನ್ನು ಬೇರೆಯಾಗಿ ಇಟ್ಟುಕೊಂಡು ಹೋಗತೊಡಗಿದ.

"ಮೊದಲ ದಿನ ಮೈಮೇಲೆ ಬಿದ್ದವು ಮಾರಾಯ್ರೆ, ನಾಯಿಮರಿಗಳ ಹಾಗೆ! ನಾನು ಬಿಟ್ಟೆನಾ? ತಂತಿಬೇಲಿಗೆ ತಾಗಿ ಸಾಲಾಗಿ ಕೂರಿಸಿದೆ. ನಮ್ಮೂರ ಪಂಕ್ತಿಯ ಹಾಗೆ! ಎದ್ದವರಿಗೆ ಇಲ್ಲ, ತಳ್ಳಿದವರಿಗೆ ಇಲ್ಲ, ಎಲ್ಲರದ್ದೂ ಮುಗಿಯದೆ ಯಾರೂ ಏಳ್ಲಿಕ್ಕಿಲ್ಲ. ಒಂದು ವಾರದಲ್ಲಿ ಕಲಿತವು ನೋಡಿ. ಚಕ್ಕಳಮಕ್ಕಳ ಹಾಕಿ, ನಾನು ಸೌಟು ಎತ್ತುವವರೆಗೆ ಕೈ ಮಡಿಲಲ್ಲಿ. ಐದು ತಿಂಗಳು ಬಡಿಸಿದೆ. ಆಮೇಲೆ ಕಾಂಟ್ರಾಕ್ಟು ಮುಗೀತು, ಖಲಾಸ್, ಬಂದೆ."

ಇಲ್ಲಿಗೆ ಕಥೆ ನಿಲ್ಲುತ್ತಿತ್ತು. ಕೇಳಿದವರ ಕಣ್ಣು ತೇವವಾಗುತ್ತಿತ್ತು, ತಟ್ಟೆಯ ಅಗುಳೂ ಬಾಯಿಗೆ ಹೋಗುತ್ತಿತ್ತು. ಪುಣ್ಯವಂತ ಅನ್ನುತ್ತಿದ್ದರು. ಹಾಗೆ ಅಂದಾಗ ಸರ್ವೋತ್ತಮ ಎದ್ದು ನೀರು ಕುಡಿಯಲು ಹೋಗುತ್ತಿದ್ದ.

ಈಗ ಅವನಿಗೆ ಐವತ್ತಮೂರು. ಮುಹೈಸ್ನಾದ ಒಂದು ಲೇಬರ್ ಕ್ಯಾಂಪಿನ ಮೆಸ್ಸಿಗೆ ಇನ್‌ಚಾರ್ಜ್. ಒಬ್ಬಳೇ ಮಗಳು ಭವ್ಯಶ್ರೀ. ಹತ್ತೊಂಬತ್ತು ತುಂಬಿದೆ, ದುಬೈಯಲ್ಲೇ ಕಾನೂನು ಓದುತ್ತಿದ್ದಾಳೆ. ಅವಳಿಗೆ ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಉತ್ತರ ಅರ್ಧ ಇಂಗ್ಲಿಷಿನಲ್ಲೇ. ಆದರೆ ಅಪ್ಪನ ಈ ಕಥೆಯೊಂದನ್ನು ಮಾತ್ರ ಅವಳು ಸ್ನೇಹಿತೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಆ ಹೆಮ್ಮೆಯೇ ಅವನ ಕುತ್ತಿಗೆಗೆ ಬಂತು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫೈನಲ್ಲು. ವಿಷಯ ಹೀಗಿತ್ತು: ಒಂದು ನೆಲವನ್ನು ಹಿಡಿದು ಕೂತ ಸೈನ್ಯವೇ ಅಲ್ಲಿ ಸಾಯುವ ಪ್ರತಿಯೊಬ್ಬ ನಾಗರಿಕನ ಸಾವಿಗೆ ಹೊಣೆ. ಚೀಟಿ ಎತ್ತಿದಾಗ ಭವ್ಯಶ್ರೀಗೆ ಬಂದದ್ದು ವಿರೋಧ ಪಕ್ಷ. ಹೌದು ಎಂದು ವಾದಿಸಬೇಕಾದವಳು ದುಆ, ಭಟ್ಕಳದ ಮುಝಫ್ಫರನ ಮಗಳು. ಮುಝಫ್ಫರ್ ಯಾರೋ ಅಲ್ಲ. ಇರಾಕಿನ ಅದೇ ಕ್ಯಾಂಪಿನಲ್ಲಿ ದುಭಾಷಿಯಾಗಿದ್ದವ, ಈಗ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಗ್ರೋಸರಿ ಅಂಗಡಿ ಇಟ್ಟವ. ಹುಡುಗಿಯರಿಬ್ಬರೂ ಚಿಕ್ಕಂದಿನಿಂದ ಜೊತೆಗಾರರು.

ಮಂಗಳವಾರ ಸಂಜೆ ಸರ್ವೋತ್ತಮ ಕೆಲಸದಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಮಗಳು ಲ್ಯಾಪ್‌ಟಾಪು ಹಿಡಿದು ಬಾಗಿಲಿಗೇ ಬಂದಳು.

"ಪಪ್ಪ, ನಿಮ್ಮ ಕ್ಯಾಂಪಿನ ಫೈಲ್ ಸಿಕ್ತು! ನಿಮ್ಮ ಸ್ಟೋರಿ ಹೇಳುವ ಅಂತ ಕ್ಯಾಂಪಿನ ಹೆಸರು ಹಾಕಿ ಸರ್ಚ್ ಮಾಡಿದೆ. ಹಳೇ ಎನ್‌ಕ್ವಾಯರಿ ಪೇಪರ್ಸ್ ಎಲ್ಲ ಈಗ ಪಬ್ಲಿಕ್. ಅಲ್ಲಿ ಆರು ಮಕ್ಕಳು ಸತ್ತಿದ್ದಾರೆ ಪಪ್ಪ. ಹಿಂದಿನ ಗೇಟ್ ಹತ್ತಿರ."

ಸರ್ವೋತ್ತಮ ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು.

ಅವಳು ಓದಿದಳು. ಮೇ ಹದಿನಾಲ್ಕರ ಸಂಜೆ ಗುಂಡಿಯ ಬಳಿ ಮೋರ್ಟರ್ ಗುಂಡು ಬಿದ್ದು, ಕಾವಲು ಗೋಪುರದಿಂದ ಗುಂಡು ಹಾರಿಸಲಾಯಿತು. ಬೇಲಿಯ ಪಕ್ಕ ಇದ್ದ ಆರು ಮಕ್ಕಳು ಸತ್ತರು. ಸೈನಿಕರ ತಪ್ಪಿಲ್ಲ. ಆಧಾರ: ಸ್ಥಳದಲ್ಲಿದ್ದ ಅಡುಗೆಯವನ ಸಹಿ ಹಾಕಿದ ಹೇಳಿಕೆ. ಆ ಅಡುಗೆಯವನ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಹೇಳಿಕೆ ಎರಡೇ ಸಾಲು. 'ಸೈರನ್ ಆದ ಕೂಡಲೇ ಎದ್ದು ಓಡಿ ಎಂದು ಮಕ್ಕಳಿಗೆ ಹಲವು ಸಲ ಹೇಳಿದೆ. ಅವರು ಕದಲಲಿಲ್ಲ.'

"ನನ್ನ ಪಾಯಿಂಟಿಗೆ ಇದೇ ಬೇಕಿತ್ತು. ವಾರ್ನಿಂಗ್ ಕೊಟ್ಟಿದ್ದರು, ಮಕ್ಕಳು ಕೇಳಲಿಲ್ಲ, ಮೋರ್ಟರ್ ಹಾಕಿದವರು ಬೇರೆ. ಸೈನ್ಯ ಒಂದೇ ಹೇಗೆ ರೆಸ್ಪಾನ್ಸಿಬಲ್?" ಅವಳ ದನಿ ಸಣ್ಣದಾಯಿತು. "ಪಪ್ಪ, ಅವರು ನಿಮ್ಮ ಮಕ್ಕಳೇ ಅಲ್ವಾ? ನೀವು ಬಡಿಸಿದವರು? ನೀವಿದ್ದಾಗಲೇ ಆದದ್ದಾ ಇದು?"

ಅಯ್ಯೋ, ಒಂದು ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ಬಾಯಿ ಮುಚ್ಚಿ ಅಭ್ಯಾಸವಾದವನಿಗೆ ಅದು ಬರಬೇಕಲ್ಲ.

"ಇಲ್ಲ," ಎಂದ ಸರ್ವೋತ್ತಮ. "ನಾನು ಬಿಸು ಹಬ್ಬದ ಹೊತ್ತಿಗೇ ಊರಿಗೆ ಬಂದಿದ್ದೆ. ಏಪ್ರಿಲಲ್ಲಿ."

"ಥ್ಯಾಂಕ್ ಗಾಡ್," ಎಂದು ಮಗಳು ಅವನ ತೋಳಿಗೆ ತಲೆ ಒರಗಿಸಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಹರಿಯುತ್ತಿದ್ದ ನಲ್ಲಿ ನಿಂತಿತು. ವಾರಿಜಾಕ್ಷಿ ಕೈ ಒರೆಸಿಕೊಳ್ಳುತ್ತ ಬಂದು, ಮಗಳ ಕೋಣೆಯ ಬಾಗಿಲು ಮುಚ್ಚಿದ್ದನ್ನು ನೋಡಿ, ತುಳುವಿನಲ್ಲಿ ಕೇಳಿದಳು. ಅವಳ ತುಳು ಮೆತ್ತಗಿದ್ದಾಗಲೇ ಹೆದರಬೇಕು.

"ಬಿಸುವಿಗೆ ಬಂದಿದ್ದಿರಾ ನೀವು? ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಒಬ್ಬಳೇ ಬಿಸು ಕಣಿ ಇಟ್ಟು ಅತ್ತವಳು ನಾನು. ನೀವು ಬಂದದ್ದು ಮೇ ಇಪ್ಪತ್ತಕ್ಕೆ. ನನಗೆ ಮರೆತೀತಾ?"

ಸರ್ವೋತ್ತಮ ಬಗ್ಗಿ ಇನ್ನೊಂದು ಚಪ್ಪಲಿ ಬಿಚ್ಚಿದ.

"ಬಂದ ಮೇಲೆ ಒಂದು ತಿಂಗಳು ಅನ್ನ ಮುಟ್ಟದೆ ಇದ್ದದ್ದು ಯಾಕೆ ಅಂತ ನಾನು ಕೇಳ್ಲಿಲ್ಲ. ಈಗಲೂ ನನಗೆ ಹೇಳುವುದು ಬೇಡ. ಅವಳಿಗೆ ಹೇಳಿ. ಅಷ್ಟು ಜನರ ಎದುರು ಸ್ಟೇಜು ಹತ್ತಿ ಆ ಕಾಗದ ಓದುವವಳು ಅವಳು. ಸುಳ್ಳು ಓದುವ ಹಾಗೆ ಮಾಡಬೇಡಿ ನನ್ನ ಮಗಳನ್ನು."

ಅಷ್ಟು ಹೇಳಿ ಅವಳು ಪಾತ್ರೆಗೆ ಮರಳಿದಳು. ಹೆಂಡತಿಗೆ ಇಷ್ಟೆಲ್ಲ ಗೊತ್ತಿದ್ದೂ ತನ್ನ ಕಥೆಯನ್ನು ನೂರು ಸಲ ಕೇಳಿಸಿಕೊಂಡಿದ್ದಾಳೆ ಎಂದು ಯೋಚಿಸಿದಾಗ ಸರ್ವೋತ್ತಮನಿಗೆ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅವನು ಮುಝಫ್ಫರನ ಅಂಗಡಿಗೆ ಹೋದ. ಮುಝಫ್ಫರ್ ಗಲ್ಲೆಯಿಂದ ಎದ್ದು, ಹಿಂದೆ ಅಕ್ಕಿಮೂಟೆಗಳ ಸಂದಿಯಲ್ಲಿ ಎರಡು ಸ್ಟೂಲು ಹಾಕಿದ. ಸುಲೈಮಾನಿ ಚಹಾ ಬಂತು. ವಿಷಯ ಕೇಳಿ ಅವನು ಗಡ್ಡ ತಿಕ್ಕಿಕೊಂಡ.

"ದುಆ ಹೇಳಿದಳು, ಭವ್ಯಾಳ ಹತ್ತಿರ ಏನೋ ದೊಡ್ಡ ಪೇಪರ್ ಉಂಟಂತೆ ಅಂತ. ಅದು ಇದೇ ಅಂತ ನನಗೆ ಹೊಳೀಲಿಲ್ಲ. ಯಾ ಅಲ್ಲಾ."

"ಅದನ್ನು ಬರೆದದ್ದು ನೀವೇ ಅಲ್ವಾ ಮುಝಫ್ಫರ್ ಭಾಯ್."

"ಬರೆದದ್ದು ಆ ಆಫೀಸರ್. ನಾನು ಕನ್ನಡದಲ್ಲಿ ಓದಿ ಹೇಳ್ತೇನೆ ಅಂದೆ. ಬೇಡ, ಎಲ್ಲಿ ಸಹಿ ಹಾಕಬೇಕು ಹೇಳಿ ಅಂದವರು ನೀವು. ನೆನಪುಂಟಲ್ಲ?"

ನೆನಪಿಲ್ಲದೆ ಏನು. ಆಫೀಸರನ ಡೇರೆಯ ಹೊರಗೆ ಬಸ್ಸು ನಿಂತಿತ್ತು. ಸಹಿ ಹಾಕಿದರೆ ಆ ಬಸ್ಸು, ವಿಮಾನ, ಊರು. ಹಾಕದಿದ್ದರೆ ತನಿಖೆ ಮುಗಿಯುವವರೆಗೆ ಅಲ್ಲೇ, ಎಷ್ಟು ತಿಂಗಳೋ ದೇವರೇ ಬಲ್ಲ. ಊರಲ್ಲಿ ವಾರಿಜಾಕ್ಷಿಗೆ ದಿನ ತುಂಬುತ್ತಿತ್ತು. ಇದರಲ್ಲಿ ನಿನ್ನ ತಪ್ಪೂ ಇಲ್ಲ, ನಮ್ಮ ತಪ್ಪೂ ಇಲ್ಲ ಅಂತ ಬರೆದಿದೆ ಎಂದು ಆಫೀಸರು ನಗುತ್ತ ಪೆನ್ನು ಕೊಟ್ಟಿದ್ದ. ಸರ್ವೋತ್ತಮ ಪೆನ್ನು ತೆಗೆದುಕೊಂಡಿದ್ದ.

"ನೋಡಿ ಸರ್ವೋತ್ತಮಣ್ಣ," ಎಂದ ಮುಝಫ್ಫರ್, "ಗುಂಡು ಹೊಡೆದವ ಅವ. ಹೊಡೆ ಅಂತ ಕಲಿಸಿದವ ಅವನ ಮೇಲಿನವ. ಯಾರದ್ದೋ ದೇಶಕ್ಕೆ ಬಂದು ಬೇಲಿ ಹಾಕಿದವರು ಅವರು. ಊರಿನ ನಡುವಿನಿಂದ ಮೋರ್ಟರ್ ಹಾರಿಸಿದವರು ಇನ್ನೊಬ್ಬರು. ಈ ಲಿಸ್ಟಿನಲ್ಲಿ ನೀವು ಎಲ್ಲಿ ಬರ್ತೀರಿ? ಕಡೇಗೆ, ಅದೂ ಬಂದರೆ. ಹಸಿದವರಿಗೆ ಅನ್ನ ಹಾಕಿದ್ದು ಗುನಾ ಅಲ್ಲ, ಪಾಪ ಅಲ್ಲ."

"ಅನ್ನ ಹಾಕಿದ್ದಲ್ಲ ಭಾಯ್. ಅವರು ಎದ್ದಿದ್ದರು."

ಮುಝಫ್ಫರ್ ಚಹಾದ ಗ್ಲಾಸು ಕೆಳಗಿಟ್ಟ. ಈ ಮಾತನ್ನು ಅವನು ಒಂದೇ ಸಲ ಕೇಳಿದ್ದ, ಇಪ್ಪತ್ತು ವರ್ಷದ ಹಿಂದೆ ಡೇರೆಯಲ್ಲಿ. ಕೇಳಿಯೂ ಆಫೀಸರನಿಗೆ ಇಂಗ್ಲಿಷಿನಲ್ಲಿ ಹೇಳಿರಲಿಲ್ಲ.

"ಸೈರನ್ ಆದಾಗ ಎಲ್ಲ ಮಕ್ಕಳೂ ಎದ್ದರು. ಅವರಿಗೆ ಗೊತ್ತಿತ್ತು, ಯುದ್ಧದಲ್ಲೇ ಹುಟ್ಟಿದವರು. ನಾನೇ ದಡ್ಡ. ವಾರಕ್ಕೆರಡು ಸಲ ಟೆಸ್ಟ್ ಸೈರನ್ ಬರ್ತಿತ್ತಲ್ಲ, ಅದೇ ಅಂದುಕೊಂಡೆ. ದಾಲು ಇನ್ನೂ ಎರಡನೇ ಸುತ್ತು ಬಡಿಸಿರಲಿಲ್ಲ. ಪಂಕ್ತಿಯ ನಡುವಿನಲ್ಲಿ ಏಳುವುದುಂಟಾ? ಸೌಟು ತೋರಿಸಿ ಗದರಿಸಿದೆ, ಕೂತ್ಕೊಳ್ಳಿ ಅಂತ. ಅರಬಿಯಲ್ಲಿ ಕಲಿತದ್ದೇ ನಾಲ್ಕು ಮಾತು, ಅದರಲ್ಲಿ ಅದೊಂದು. ಕೂತರು. ದಾಲು ತರ್ಲಿಕ್ಕೆ ನಾನು ಲಾರಿಯ ಹಿಂದೆ ಹೋದೆ. ಆಗ ಬಿತ್ತು ಮೋರ್ಟರ್. ಗೋಪುರದವ ಹೊಸಬ, ಮೂರು ದಿನದ ಹಿಂದೆ ಬಂದ ಪಡೆ. ಹಳಬನಿಗೆ ನಮ್ಮ ಪಂಕ್ತಿ ಗೊತ್ತಿತ್ತು. ಇವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಬೇಲಿಯ ಬುಡದಲ್ಲಿ ಯಾರೋ ಅವಿತು ಕೂತಿದ್ದಾರೆ ಅಂತ ಹೊಡೆದ."

"ನೀವು ಬೇಕು ಅಂತ ಮಾಡಿದ್ದಾ?"

"ಹೊಡೆದವನೂ ಬೇಕು ಅಂತ ಮಕ್ಕಳನ್ನು ಹೊಡೆದೆ ಅಂತ ಹೇಳಲಿಲ್ಲ ಭಾಯ್. ಎಲ್ಲರೂ ಹೀಗೇ ಹೇಳಿದರೆ ಆ ಮಕ್ಕಳನ್ನು ಕೊಂದವರು ಯಾರು? ಅವರಷ್ಟಕ್ಕೆ ಅವರೇ ಸತ್ತರಾ?"

ಮುಝಫ್ಫರನಿಗೆ ಸಿಟ್ಟು ಬಂತು. "ಹಾಗಾದರೆ ಒಂದು ಕೆಲಸ ಮಾಡಿ. ಗೋಪುರ, ಟ್ಯಾಂಕು, ವಿಮಾನ ಎಲ್ಲ ಬಿಟ್ಟು ಒಂದು ಸೌಟಿನ ಮೇಲೆ ಹಾಕಿ ಎಲ್ಲ ಹೊಣೆಯನ್ನೂ. ಅವರಿಗೂ ಅದೇ ಬೇಕಿತ್ತು! ನೀವು ಕೂತ್ಕೊಳ್ಳಿ ಅಂದದ್ದು ಒಂದು ನಿಮಿಷದ ತಪ್ಪು. ಅವರದ್ದು ಎಷ್ಟು ವರ್ಷದ್ದು? ಎಷ್ಟು ಸಾವಿರ ಜನರದ್ದು? ದೊಡ್ಡವರ ತಪ್ಪಿಗೆ ಸಣ್ಣವರು ಅಳುತ್ತಾ ಕೂತರೆ ದೊಡ್ಡವರಿಗೆ ಖುಷಿ, ತಿಳ್ಕೊಳ್ಳಿ."

ಆ ಮಾತು ಸುಳ್ಳೆಂದು ಸರ್ವೋತ್ತಮನಿಗೂ ಅನ್ನಿಸಲಿಲ್ಲ. ಆದರೂ ತನ್ನ ಪಾಲಿನದ್ದು ಅದರಿಂದ ಕಡಿಮೆಯಾಗಲಿಲ್ಲ. "ಹೇಳಿಕೆ ಸುಳ್ಳು ಅಲ್ವಾ?" ಎಂದು ಮಾತ್ರ ಕೇಳಿದ.

"ಸುಳ್ಳು. ಅದಕ್ಕೆ ನಾನೂ ಸಾಕ್ಷಿ ಸಹಿ ಹಾಕಿದ್ದೇನೆ." ಮುಝಫ್ಫರ್ ಎದ್ದು ನಿಂತ. ದನಿ ತಗ್ಗಿತು. "ನನಗೂ ಮಗಳು ಇದ್ದಾಳೆ ಸರ್ವೋತ್ತಮಣ್ಣ. ಇದನ್ನು ಇಲ್ಲಿಗೇ ಬಿಡಿ. ಪೇಪರಲ್ಲಿ ನಮ್ಮ ಹೆಸರಿಲ್ಲ. ಶನಿವಾರ ಮುಗಿದರೆ ಯಾರೂ ಮತ್ತೆ ಕೇಳುವುದಿಲ್ಲ."

ಬಿಡಬಹುದಿತ್ತು. ಗುರುವಾರ ಬಿಟ್ಟ, ಶುಕ್ರವಾರ ಬಿಟ್ಟ. ಎರಡು ರಾತ್ರಿಯೂ ಮಗಳು ಕನ್ನಡಿಯ ಮುಂದೆ ನಿಂತು ಅವನ ಸುಳ್ಳನ್ನು ಉರು ಹೊಡೆಯುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅವರು ಕದಲಲಿಲ್ಲ, ಅವರು ಕದಲಲಿಲ್ಲ. ಅವಳು ಆ ಮಾತಿಗೆ ಒಂದು ಕಡೆ ದನಿ ಏರಿಸಿ, ಇನ್ನೊಂದು ಕಡೆ ಇಳಿಸಿ ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಕಾಲೇಜಿಗೆ ಬಿಡಲು ಹೊರಟಾಗ ವಾರಿಜಾಕ್ಷಿ ತಾನು ಬರುವುದಿಲ್ಲ ಎಂದಳು. ಗಂಡನ ಮುಖವನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡಳು. ಕಾರಿನಲ್ಲಿ ಅಪ್ಪ ಮಗಳು ಇಬ್ಬರೇ. ಎಮಿರೇಟ್ಸ್ ರೋಡಿನಲ್ಲಿ ಎರಡೂ ಕಡೆ ಮರಳು, ಲಾರಿಗಳ ಸಾಲು. ಭವ್ಯಶ್ರೀ ಕಾರ್ಡುಗಳನ್ನು ತಿರುವಿ ಹಾಕುತ್ತಿದ್ದಳು.

"ಮಗಾ, ಆ ಕಾಗದ ಓದಬೇಡ," ಎಂದ.

"ಯಾಕೆ?"

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. ಬಿಸುವಿಗೆ ಬಂದದ್ದು ಸುಳ್ಳು ಅಂತ. ಕಪ್ಪು ಪಟ್ಟಿಯ ಕೆಳಗಿನ ಹೆಸರು ತನ್ನದು ಅಂತ. ಮಕ್ಕಳು ಎದ್ದಿದ್ದರು, ಕೂತ್ಕೊಳ್ಳಿ ಅಂದದ್ದು ತಾನು ಅಂತ. ಅಂಗಡಿಯಲ್ಲಿ ಹೇಳಿದಷ್ಟು ಉದ್ದಕ್ಕೆ ಹೇಳಲು ಬಾಯಿ ಬರಲಿಲ್ಲ. ನಾಲ್ಕೈದು ವಾಕ್ಯದಲ್ಲಿ ಮುಗಿಯಿತು.

ತಿರುವುತ್ತಿದ್ದ ಅವಳ ಕೈ ನಿಂತಿತು. ಕಾರ್ಡುಗಳು ಮಡಿಲಲ್ಲೇ ಇದ್ದವು.

"ಯು ಟೋಲ್ಡ್ ದೆಮ್ ಟು ಸಿಟ್."

"ಹೌದು."

"ಮತ್ತೆ ಓಡಿ ಅಂದೆ ಅಂತ ಸೈನ್ ಮಾಡಿದಿರಿ. ವೈ?"

ನೀನು ಹುಟ್ಟುವವಳಿದ್ದೆ ಅನ್ನಬಹುದಿತ್ತು. ಅದು ನಿಜವೂ ಆಗಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಸರ್ವೋತ್ತಮ ನುಂಗಿಕೊಂಡ. ಆರು ಮಕ್ಕಳ ಹೆಣದ ಮೇಲಿನ ಸುಳ್ಳನ್ನು ಈ ಹುಡುಗಿಯ ತಲೆಗೂ ಕಟ್ಟಬೇಕೇ? ಅಷ್ಟಾದರೂ ಬುದ್ಧಿ ಬಂದಿತ್ತು ಅವನಿಗೆ.

"ಹೆದರಿದೆ," ಎಂದ. "ಬಸ್ಸು ಕಾಯ್ತಾ ಇತ್ತು."

"ಮತ್ತೆ ಎಲ್ಲರಿಗೂ ಆ ಕಥೆ ಹೇಳಿದಿರಿ. ನನಗೆ ಹೇಳಿದಿರಿ. ನಾನು ಅದನ್ನು ಸ್ಕೂಲಲ್ಲಿ ಎಸ್ಸೇ ಬರೆದಿದ್ದೆ ಪಪ್ಪ." ಅವಳು ಅವನ ಕಡೆ ತಿರುಗಿದಳು. "ಇಷ್ಟೇನಾ? ಇನ್ನೂ ಏನಾದರೂ ಉಂಟಾ?"

"ಇಷ್ಟೆ," ಎಂದ ಸರ್ವೋತ್ತಮ. ಇನ್ನೂ ಒಂದಿತ್ತು. ಅದನ್ನು ಹೇಳಲು ಆಗಲಿಲ್ಲ.

ಕಾಲೇಜಿನ ಗೇಟಿನಲ್ಲಿ ಅವಳು ಇಳಿದು, ಬರುತ್ತೇನೆ ಎಂದೂ ಹೇಳದೆ ನಡೆದಳು. ಅವನು ಕಾರು ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡು ಅಲ್ಲೇ ಕೂತ. ಮನೆಗೆ ಹೋಗಿಬಿಡೋಣ ಅನ್ನಿಸಿತು. ಹೋದರೆ ಈ ಹುಡುಗಿ ಮತ್ತೆ ತನ್ನ ಮುಖ ನೋಡಲಾರಳು ಎಂದು ಹೆದರಿ ಇಳಿದ.

ಸಭಾಂಗಣದಲ್ಲಿ ಇನ್ನೂರು ಜನ ಇದ್ದರು. ಐದನೆಯ ಸಾಲಿನಲ್ಲಿ ಮುಝಫ್ಫರ್ ಜಾಗ ಹಿಡಿದಿಟ್ಟಿದ್ದ. "ಹೇಳಿದಿರಾ?" ಎಂದು ಕಿವಿಯಲ್ಲಿ ಕೇಳಿದ. ಸರ್ವೋತ್ತಮ ಹೌದೆಂದು ತಲೆಯಾಡಿಸಿದ್ದನ್ನು ನೋಡಿ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕೂತ.

ದುಆ ಮೊದಲು ಮಾತಾಡಿದಳು. ಚುರುಕು ಹುಡುಗಿ. ಬಾಗಿಲು ಮುರಿದು ಒಳಗೆ ಬಂದವನು ಆ ಮನೆಯಲ್ಲಿ ಒಡೆದ ಪ್ರತಿ ಪಾತ್ರೆಗೂ ಉತ್ತರ ಹೇಳಬೇಕು, ಬೆಕ್ಕು ಒಡೆಯಿತು ಎಂದು ಹೇಳುವ ಹಕ್ಕು ಅವನಿಗಿಲ್ಲ ಎಂದಳು. ಜನ ಚಪ್ಪಾಳೆ ತಟ್ಟಿದರು.

ಭವ್ಯಶ್ರೀ ಎದ್ದಳು. ಕಾರ್ಡುಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ತನ್ನ ಕೈಯಲ್ಲಿ ಒಂದು ತನಿಖೆಯ ವರದಿ ಇದೆ ಎಂದು ಹೇಳಿ ಆ ಎರಡು ಸಾಲು ಓದಿದಳು. ಆಮೇಲೆ ಅವಳು, ಇದು ಸುಳ್ಳು ಎಂದಳು. ಇದಕ್ಕೆ ಸಹಿ ಹಾಕಿದವರೇ ಇವತ್ತು ಬೆಳಿಗ್ಗೆ ನನಗೆ ಹೇಳಿದರು. ಮಕ್ಕಳು ಎದ್ದಿದ್ದರು. ಕೂತುಕೊಳ್ಳಿ ಎಂದು ಅಡುಗೆಯವರು ಹೇಳಿದರು. ಅದಕ್ಕೇ ಅವರು ಕೂತಿದ್ದರು. ಅವರ ಹೆಸರು ಹೇಳಲು ನನಗೆ ಆಗುವುದಿಲ್ಲ.

ಪ್ರಶ್ನೆ ಕೇಳುವ ಸರದಿ ದುಆಳದ್ದು. ಅವಳಿಗೆ ಏನೂ ಗೊತ್ತಿರಲಿಲ್ಲ ಪಾಪ. ಕಣ್ಣಲ್ಲಿ ಬೆಂಕಿ. "ಒಬ್ಬ ಬಡ ಅಡುಗೆಯವನು! ಆ ಮಕ್ಕಳಿಗೆ ಅನ್ನ ಹಾಕಿದವನು ಅವನೊಬ್ಬನೇ. ಹೆದರಿಸಿ ಸಹಿ ಹಾಕಿಸಿಕೊಂಡಿರುತ್ತಾರೆ. ಗೋಪುರದಲ್ಲಿ ಬಂದೂಕು ಹಿಡಿದವನ ಪಕ್ಕದಲ್ಲಿ ಅವನನ್ನು ನಿಲ್ಲಿಸುತ್ತೀಯಾ? ನೇರವಾಗಿ ಹೇಳು, ಆ ಅಡುಗೆಯವನು ಹೊಣೆಯೇ?"

"ಯೆಸ್," ಎಂದಳು ಭವ್ಯಶ್ರೀ.

ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಹಿಂದಿನಿಂದ ಛೀ ಅಂದರು. "ಸೈನ್ಯ ಹೊಣೆ ಅಲ್ಲ ಎಂದು ನಾನು ಹೇಳುವುದಿಲ್ಲ. ಅದು ನನ್ನ ಪಕ್ಷ, ಆದರೂ ಹೇಳಲಾರೆ," ಎಂದು ಅವಳು ಮುಂದುವರಿಸಿದಳು. "ಬಂದೂಕು ಅವರದ್ದು. ಬೇಲಿ ಅವರದ್ದು. ಆದರೆ ಅಡುಗೆಯವರೂ ಹೌದು." ಅಲ್ಲಿಗೆ ಅವಳು ಸ್ಪರ್ಧೆ ಸೋತಂತೆಯೇ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಪ್ಪತ್ತು ವರ್ಷ ಎಲ್ಲರೂ ಅವನನ್ನು ಬಿಟ್ಟುಬಿಟ್ಟಿದ್ದರು. ಆಫೀಸರು ಬಿಟ್ಟಿದ್ದ, ಮುಝಫ್ಫರ್ ಬಿಟ್ಟಿದ್ದ, ವಾರಿಜಾಕ್ಷಿ ಕೇಳದೆಯೇ ಬಿಟ್ಟ ಹಾಗಿದ್ದಳು. ಹೌದು, ನಿನ್ನದೂ ತಪ್ಪು ಎಂದವಳು ಇವಳೊಬ್ಬಳು. ಸರ್ವೋತ್ತಮನಿಗೆ ಅಳು ಬಂತು. ನೋವಾಯಿತು, ಆದರೆ ಎದೆಯ ಮೇಲಿನ ಕಲ್ಲನ್ನು ಯಾರೋ ಕೈಯಿಂದ ಮುಟ್ಟಿ ನೋಡಿದ ಹಾಗೂ ಆಯಿತು.

ಕೊನೆಗೆ ಸಭಿಕರಿಗೆ ಮಾತಾಡುವ ಅವಕಾಶ. ಅದು ಅಲ್ಲಿಯ ಪದ್ಧತಿ; ಒಂದು ಮೈಕು ಸಾಲಿನಿಂದ ಸಾಲಿಗೆ ಕೈ ಬದಲಾಯಿಸುತ್ತ ಬರುತ್ತದೆ. ಮಾತಾಡಿದವರೆಲ್ಲ ಅಡುಗೆಯವನ ಪರ. ಮೈಕು ಐದನೆಯ ಸಾಲಿಗೆ ಬಂತು. ಮುಝಫ್ಫರ್ ಅದನ್ನು ತೆಗೆದುಕೊಂಡು ಸರ್ವೋತ್ತಮನನ್ನು ದಾಟಿಸಿ ಆಚೆಯವರಿಗೆ ಕೊಡಲು ಕೈ ಚಾಚಿದ. ಸರ್ವೋತ್ತಮ ನಡುವಿನಲ್ಲೇ ಹಿಡಿದುಕೊಂಡ. "ಬೇಡ ಮಾರಾಯ್ರೆ," ಎಂದ ಮುಝಫ್ಫರ್, ಅಳುವ ದನಿಯಲ್ಲಿ.

ಮೂವತ್ತು ವರ್ಷದ ಗಲ್ಫ್ ಬದುಕಿನಲ್ಲಿ ಕಲಿತ ಇಂಗ್ಲಿಷೂ ಹಿಂದಿಯೂ ಆ ಹೊತ್ತಿಗೆ ಎಲ್ಲಿ ಹಾರಿಹೋದವೋ. ಅವನು ಎದ್ದು ನಿಂತು ಕನ್ನಡದಲ್ಲೇ ಹೇಳಿದ. "ಆ ಅಡುಗೆಯವ ನಾನು."

ವೇದಿಕೆಯ ಮೇಲಿನ ಹೆಂಗಸು, ಕಾರ್ಯಕ್ರಮ ನಡೆಸಿಕೊಡುತ್ತಿದ್ದವಳು, ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಿ ಎಂದಳು. ಅವನು ಮೈಕು ಹಿಡಿದುಕೊಂಡೇ ಮಗಳ ಕಡೆ ನೋಡಿದ. ಆಗ ಭವ್ಯಶ್ರೀ ತನ್ನ ಮೈಕಿಗೆ ಬಾಯಿ ಹತ್ತಿರ ತಂದು, ಯಾವ ಏರಿಳಿತವೂ ಇಲ್ಲದೆ, ಆ ಅಡುಗೆಯವರು ತಾವೇ ಎಂದು ಹೇಳುತ್ತಿದ್ದಾರೆ, ಅವರು ನನ್ನ ತಂದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಇನ್ನೂರು ತಲೆಗಳು ಇತ್ತ ತಿರುಗಿದವು. ದುಆ ಬಾಯಿಗೆ ಕೈ ಹಿಡಿದಳು.

"ನನ್ನ ಮಗಳು ಹೇಳಿದ್ದು ಸರಿ," ಎಂದ. ಅವಳು ಅದನ್ನೂ ಹೇಳಿದಳು.

"ಯಾರೂ ನನ್ನನ್ನು ಹೊಗಳುವುದು ಬೇಡ. ಅನ್ನ ಹಾಕಿದ್ದು ಹೌದು. ಹೇಳಿದ ಹಾಗೆ ಕೇಳುವುದನ್ನೂ ಕಲಿಸಿದೆ." ಅದನ್ನೂ ಹೇಳಿದಳು.

"ಒಂದು ಮಾತು ಬೆಳಿಗ್ಗೆ ನಿನಗೆ ಹೇಳ್ಲಿಲ್ಲ ಮಗಾ. ಒಬ್ಬಳು ಕೂತ್ಕೊಳ್ಳಲಿಲ್ಲ. ಏಳೆಂಟು ವರ್ಷದವಳು. ದಿನಾ ಅರ್ಧ ಊಟದಲ್ಲಿ ಎದ್ದು ಓಡುವವಳು, ಎಷ್ಟು ಹೇಳಿದರೂ ಕೇಳ್ತಿರಲಿಲ್ಲ. ಅವತ್ತೂ ತಟ್ಟೆ ಹಿಡ್ಕೊಂಡು ಓಡಿದಳು. ನಾನು ಹಿಂದಿನಿಂದ ಬೈದೆ, ನಾಳೆಯಿಂದ ನಿನಗೆ ಊಟ ಇಲ್ಲ ಅಂತ ಕೂಗಿದೆ. ಅವಳೊಬ್ಬಳು ಉಳಿದಳು. ನನ್ನ ಮಾತು ಕೇಳಿದ ಆರೂ ಮಕ್ಕಳು ಸತ್ತರು."

ಭವ್ಯಶ್ರೀ ಮೈಕಿನಿಂದ ಹಿಂದೆ ಸರಿದಳು. ಏನು ಹೇಳಿದರು ಎಂದು ವೇದಿಕೆಯ ಹೆಂಗಸು ಎರಡು ಸಲ ಕೇಳಿದಳು. ಕೊನೆಗೆ ಎದುರಿನ ಮೇಜಿನಿಂದ ದುಆ ಎದ್ದು, ಕಣ್ಣೊರೆಸಿಕೊಳ್ಳುತ್ತ, ಒಂದು ಪದವನ್ನೂ ಬಿಡದೆ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಳು. ಮುಝಫ್ಫರ್ ತಲೆ ಎತ್ತಲಿಲ್ಲ.

ಮಗಳು ಅಪ್ಪನನ್ನೇ ನೋಡುತ್ತ ಕನ್ನಡದಲ್ಲಿ ಕೇಳಿದಳು. "ಅವಳ ಹೆಸರೇನು ಪಪ್ಪಾ?"

ಸರ್ವೋತ್ತಮ ನೆನಪಿನಲ್ಲಿ ಹುಡುಕಿದ. ಆ ಹುಡುಗಿಯ ಸಿಕ್ಕುಗಟ್ಟಿದ ಕೂದಲು ಕಂಡಿತು, ಬಿಸಿ ತಟ್ಟೆಯನ್ನು ಎದೆಗೆ ಒತ್ತಿಕೊಂಡ ಕೈ ಕಂಡಿತು. ಅವಳ ಪಕ್ಕದ ಹುಡುಗ ಕಂಡ, ಅವನ ಪಕ್ಕದವನು ಕಂಡ, ಬೇಲಿಯುದ್ದಕ್ಕೂ ಎಲ್ಲರೂ ಒಬ್ಬೊಬ್ಬರಾಗಿ ಕಂಡರು.

"ಗೊತ್ತಿಲ್ಲ ಮಗಾ," ಎಂದ. "ಯಾರ ಹೆಸರನ್ನೂ ನಾನು ಕೇಳಿರಲಿಲ್ಲ."